ಕೌರವ ಪಕ್ಷಕ್ಕೂ ಅರ್ಥ ಬೇಕು: ಕಂಪ್ಯೂಟರ್ ಆಟದೊಳಗೊಂದು ತಾಳಮದ್ದಳೆ

ಮುಂಬಯಿ: ಮಾಟುಂಗಾದ ಮೈಸೂರು ಅಸೋಸಿಯೇಶನ್ ಇರಲಿ, ಕುರ್ಲಾದ ಬಂಟರ ಸಂಘದ ಸಭಾಗೃಹವಿರಲಿ, ಸಾಂತಾಕ್ರೂಜ್‌ನ ಬಿಲ್ಲವ ಭವನವಿರಲಿ, ತಾಳಮದ್ದಳೆ ಮುಗಿದು ಜನ ಎದ್ದ ಮೇಲೆ ಬಾಗಿಲ ಬಳಿ ಇನ್ನೊಂದು ತಾಳಮದ್ದಳೆ ಆರಂಭವಾಗುವುದು ವಾಡಿಕೆ. ತಾನು ಕುಂತಿಯ ಹಿರಿಯ ಮಗನೆಂದು ತಿಳಿದ ಮೇಲೂ ಕರ್ಣ ಕೌರವನ ಪಕ್ಷದಲ್ಲೇ ಉಳಿದದ್ದು ಸರಿಯೇ? ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮ ವಾಲಿಗೆ ಕೊಟ್ಟ ಉತ್ತರ ಉತ್ತರವೇ? ಕೊನೆಗೆ ಲೋಕಲ್ ಟ್ರೈನಿನ ವೇಳೆ ನೆನಪಾಗಿ ಎಲ್ಲರೂ ಹೊರಡುವ ಮುನ್ನ ಹಿರಿಯರೊಬ್ಬರಿಂದ ಬರುವ ಮಾತೂ ಹೊಸತಲ್ಲ: ಹಿಂದಿನ ಅರ್ಥದ ಆಳ ಈಗಿಲ್ಲ.

ಆ ಹಿರಿಯರು ಡೊಂಬಿವಲಿಗೋ ಮೀರಾರೋಡಿಗೋ ತಲುಪುವ ಹೊತ್ತಿಗೆ ಮನೆಯ ಒಳಕೋಣೆಯಲ್ಲಿ ಮೊಮ್ಮಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಎದುರು ಕುಳಿತಿರುತ್ತಾನೆ. ಹೊಡಿ, ಬಡಿ, ಸುಡು ಎಂಬ ಆಟವೇ ಇರಬೇಕೆಂದು ಮನೆಯವರ ಎಣಿಕೆ. ಆದರೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಕರೆಯಲಾಗುವ ಆಟಗಳ ಅಭಿಮಾನಿಯಾಗಿದ್ದರೆ ಅವನು ಗೆಳೆಯರೊಡನೆ ವಾದಿಸುತ್ತಿರುವುದು ಬಹುತೇಕ ಅಜ್ಜ ವಾದಿಸಿ ಬಂದ ವಿಷಯವನ್ನೇ. ಯಾರ ಪಕ್ಷ ನ್ಯಾಯದ್ದು? ಹಿಂದಿನ ಆಟಗಳ ಆಳ ಈಗಿನವುಗಳಲ್ಲಿ ಏಕಿಲ್ಲ?

ದಾಳ ಹೆಚ್ಚು, ಮದ್ದಳೆ ಕಡಿಮೆ

ಈ ಆಟಗಳ ಮೂಲ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಮೇಜಿನ ಸುತ್ತ ಕೆಲವರು ಕೂತು, ಒಬ್ಬ ಕಥೆ ನಡೆಸಿ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಆಗಿಂದಾಗಲೇ ಮಾತು ಹೊಸೆಯುವ ಆಟ ಅದು. ಕರಾವಳಿಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಪದ ಹಾಡಿ ಕಥೆ ಮುಂದೊಯ್ಯುತ್ತಾರೆ, ಅರ್ಥಧಾರಿಗಳು ವೇಷವಿಲ್ಲದೆ, ಬರೆದ ಮಾತಿಲ್ಲದೆ ಪಾತ್ರವೇ ಆಗುತ್ತಾರೆ. ಅಲ್ಲಿ ದಾಳ ಒಂದು ಹೆಚ್ಚು, ಚೆಂಡೆ ಮದ್ದಳೆ ಕಡಿಮೆ.

ಅನಂತರ ಈ ಆಟ ಕಂಪ್ಯೂಟರ್ ಪರದೆಗೆ ಬಂತು. 2000ದ ದಶಕದಲ್ಲಿ ಮುಂಬಯಿಯ ಹುಡುಗರು ಗ್ರಾಂಟ್ ರೋಡ್ ಸ್ಟೇಶನಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಚೌಕಾಶಿ ಮಾಡಿ ಕೊಂಡೊಯ್ದ ಸಿ.ಡಿ.ಗಳಲ್ಲಿ ಇಂತಹ ಆಟಗಳೂ ಇದ್ದವು. ಅಂದಿನ ಹುಡುಗರು ಇಂದು ನಲವತ್ತರ ಆಸುಪಾಸಿನಲ್ಲಿದ್ದಾರೆ. ‘ಹಿಂದಿನ ಆಟವೇ ಆಟ’ ಎನ್ನುವ ಹಿರಿಯರ ಸ್ಥಾನ ಈಗ ಅವರದ್ದು.

ಯಾರ ಪಕ್ಷ?

ಬೆಥೆಸ್ಡಾ ಸಂಸ್ಥೆಯ ‘ಸ್ಕೈರಿಮ್’ 2011ರಲ್ಲಿ ಹೊರಬಂದದ್ದು. ಅದರ ಒಳಜಗಳದ ಕುರಿತ ವಾದ ಇಷ್ಟು ವರ್ಷ ಕಳೆದರೂ ತಣ್ಣಗಾಗಿಲ್ಲ. ಕಥೆ ಹೀಗಿದೆ. ಸ್ಕೈರಿಮ್ ಎಂಬುದು ದೊಡ್ಡ ಸಾಮ್ರಾಜ್ಯದ ಒಂದು ಪ್ರಾಂತ್ಯ. ಯುದ್ಧದಲ್ಲಿ ಸೋತು ಸುಣ್ಣವಾದ ಸಾಮ್ರಾಜ್ಯ, ಶತ್ರುಗಳೊಡನೆ ಒಪ್ಪಂದ ಮಾಡಿಕೊಂಡು ಸ್ಕೈರಿಮ್ ಜನರ ಆರಾಧ್ಯ ದೈವವಾದ ಟ್ಯಾಲೋಸ್‌ನ ಪೂಜೆಯನ್ನೇ ನಿಷೇಧಿಸುತ್ತದೆ. ಇದನ್ನೊಪ್ಪದ ಉಲ್ಫ್ರಿಕ್ ಎಂಬ ಪಾಳೆಯಗಾರ ದಂಗೆಯೇಳುತ್ತಾನೆ. ಆಡುವವನು ಸಾಮ್ರಾಜ್ಯದ ಪಕ್ಷ ಸೇರಬಹುದು, ಉಲ್ಫ್ರಿಕ್‌ನ ಪಕ್ಷವನ್ನೂ ಸೇರಬಹುದು. ಎರಡನ್ನೂ ಸೇರುವಂತಿಲ್ಲ.

ದೇವರ ಪೂಜೆ ನಿಲ್ಲಿಸಿದವರ ವಿರುದ್ಧ ಎದ್ದವನು ನ್ಯಾಯವಂತನೆಂದು ಮೊದಲಿಗೆ ಯಾರಿಗೂ ಅನಿಸುತ್ತದೆ. ಆದರೆ ಅವನ ಘೋಷಣೆ, ಸ್ಕೈರಿಮ್ ನಾರ್ಡ್ ಜನರದ್ದು ಎಂಬುದು. ಅವನ ರಾಜಧಾನಿ ವಿಂಡ್‌ಹೆಲ್ಮ್‌ನಲ್ಲಿ ಪಕ್ಕದ ನಾಡಿನಿಂದ ನಿರಾಶ್ರಿತರಾಗಿ ಬಂದವರು ಒಂದು ಪಾಳುಬಿದ್ದ ಕೇರಿಯಲ್ಲಿ ದಿನ ದೂಡುತ್ತಿದ್ದಾರೆ, ಬೀದಿಯಲ್ಲಿ ಬೈಗುಳ ತಿನ್ನುತ್ತಿದ್ದಾರೆ. ಆ ಕೇರಿಯಲ್ಲಿ ಒಮ್ಮೆ ನಡೆದು ಬಂದ ಮೇಲೆ ಪಕ್ಷ ಆರಿಸುವುದು ಅಷ್ಟು ಸುಲಭವಲ್ಲ. 1960ರ ದಶಕದ ಕೊನೆಯಲ್ಲಿ ಈ ಮಹಾನಗರದಲ್ಲಿ ‘ಮಣ್ಣಿನ ಮಕ್ಕಳು’ ಎಂಬ ಕೂಗೆದ್ದು ದಕ್ಷಿಣ ಭಾರತೀಯರ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಮೊಮ್ಮಗ ಒಳಕೋಣೆಯಲ್ಲಿ ಕುಳಿತು ಯಾವ ಪಕ್ಷ ಹಿಡಿದ, ಏಕೆ ಹಿಡಿದ ಎಂದು ಕೇಳಿದರೆ ಮನೆಯಲ್ಲೇ ಒಂದು ಒಳ್ಳೆಯ ಸಂವಾದ ನಡೆದೀತು.

ಮಾತು ಕುಗ್ಗಿದ ಬಗೆ

ಇಷ್ಟೆಲ್ಲ ಇದ್ದೂ ಹಳೆಯ ಅಭಿಮಾನಿಗಳಿಗೆ ‘ಸ್ಕೈರಿಮ್’ ಆಳವಿಲ್ಲದ ಆಟ. ಅವರು ಅಳೆಯುವುದು ಅದೇ ಸಂಸ್ಥೆಯ 2002ರ ‘ಮೊರೋವಿಂಡ್’ ಎಂಬ ಆಟವನ್ನು ಮುಂದಿಟ್ಟುಕೊಂಡು. ಅದರಲ್ಲಿ ಮೂರು ದೊಡ್ಡ ಮನೆತನಗಳ ಪೈಕಿ ಒಂದನ್ನು ಸೇರಿದರೆ ಉಳಿದೆರಡರ ಬಾಗಿಲು ಮುಚ್ಚಿದಂತೆಯೇ. ಮಾಂತ್ರಿಕರ ಸಂಘದಲ್ಲಿ ಮೇಲಿನ ಪದವಿ ಬೇಕಿದ್ದರೆ ಮಂತ್ರವಿದ್ಯೆ ಕಲಿತಿರಬೇಕು. ದಾರಿ ತೋರಿಸುವ ಬಾಣದ ಗುರುತೂ ಇಲ್ಲ, ಸೇತುವೆ ದಾಟಿ ಎಡಕ್ಕೆ ಹೋಗು ಎಂದು ಯಾರೋ ಹೇಳಿದ್ದನ್ನು ಓದಿ ನೆನಪಿಟ್ಟು ನಡೆಯಬೇಕು. ‘ಸ್ಕೈರಿಮ್’ನಲ್ಲಾದರೋ ನಾಲ್ಕು ಮಂತ್ರ ಬಾರದವನೂ ಮಾಂತ್ರಿಕರ ವಿದ್ಯಾಲಯಕ್ಕೆ ಮುಖ್ಯಸ್ಥನಾಗುತ್ತಾನೆ, ಜತೆಗೆ ಕಳ್ಳರ ಸಂಘಕ್ಕೂ ನಾಯಕನಾಗುತ್ತಾನೆ, ವೀರಯೋಧರ ಬಳಗಕ್ಕೂ ಹಿರಿಯನೆನಿಸುತ್ತಾನೆ. ಒಬ್ಬರೇ ಹತ್ತು ಸಂಘಗಳ ಪದಾಧಿಕಾರಿಗಳಾಗಿರುವುದು ಮುಂಬಯಿ ಕನ್ನಡಿಗರಿಗೆ ತೀರಾ ಅಪರಿಚಿತ ಸಂಗತಿಯಲ್ಲವಾದರೂ, ಆಟದಲ್ಲಿ ಅದು ದೋಷವೇ ಸರಿ.

ಈ ದೂರು ಇನ್ನೂ ಗಟ್ಟಿಯಾದದ್ದು 2015ರ ‘ಫಾಲ್ಔಟ್ 4’ ಬಂದಾಗ. ಎದುರಿನ ಪಾತ್ರ ಏನೇ ಹೇಳಲಿ, ಆಡುವವನಿಗೆ ಸಿಗುವುದು ಹೆಚ್ಚೆಂದರೆ ನಾಲ್ಕು ಉತ್ತರ. ಪರದೆಯ ಮೇಲೆ ಕಾಣುವುದು ಅವುಗಳ ಒಂದೆರಡು ಪದ ಮಾತ್ರ. ಒತ್ತಿದ ಮೇಲೆ ನಾಯಕ ತಾನೇ ಇನ್ನೇನೋ ಮಾತಾಡಿಬಿಡುತ್ತಾನೆ. ಬೇಸತ್ತ ಅಭಿಮಾನಿಗಳು ಪೂರ್ತಿ ವಾಕ್ಯ ಕಾಣುವಂತೆ ಆಟವನ್ನೇ ತಿದ್ದಿಕೊಂಡರು. ಹೀಗಾಗಲು ಒಂದು ಕಾರಣ ಸರಳ. ‘ಮೊರೋವಿಂಡ್’ನ ಮಾತು ಬಹುಪಾಲು ಬರಹ, ಬರೆಯಲು ಖರ್ಚು ಕಡಿಮೆ. ಈಗ ಪ್ರತಿ ಮಾತನ್ನೂ ನಟರಿಂದ ಆಡಿಸಿ ಧ್ವನಿಮುದ್ರಿಸಬೇಕು. ಮಾತು ದುಬಾರಿಯಾಯಿತು, ಕಡಿಮೆಯೂ ಆಯಿತು. ತಾಳಮದ್ದಳೆಯಲ್ಲಿ ಆ ಕೆಲಸವನ್ನು ಗಡಿಯಾರ ಮಾಡಿದೆ. ಇಡೀ ರಾತ್ರಿ ನಡೆಯುತ್ತಿದ್ದ ಕೂಟ ಮೂರು ತಾಸಿನ ಕಾಲಮಿತಿಗೆ ಬಂದಾಗ ಮೊದಲು ಕತ್ತರಿ ಬಿದ್ದದ್ದು ಪೀಠಿಕೆಗೆ ಮತ್ತು ಸಂವಾದಕ್ಕೆ. ಮುಂಬಯಿಯಲ್ಲಿ ಸಭಾಗೃಹದ ಹೊತ್ತು ಮುಗಿಯುತ್ತದೆ, ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಕಲ್ಯಾಣ್‌ಗೆ ಹೋಗುವವರಿಗೆ ಟ್ರೈನ್ ತಪ್ಪಬಾರದು.

ವಾಲಿಗೆ ಬೇಕಾದ ಮಾತು

ಹಾಗೆಂದು ಉದ್ದವಾದದ್ದೆಲ್ಲ ಆಳವಲ್ಲ. ಬೆಳಗಿನವರೆಗೆ ಎಳೆದ ಅರ್ಥಗಳಲ್ಲಿ ನಿದ್ದೆ ಬರಿಸಿದವೂ ಇದ್ದವೆಂಬುದನ್ನು ಪ್ರಾಮಾಣಿಕ ಕಲಾಭಿಮಾನಿಗಳು ಅಲ್ಲಗಳೆಯಲಾರರು. ಯಕ್ಷಗಾನ ರಂಗದ ಮೇರು ಅರ್ಥಧಾರಿ ದಿ. ಶೇಣಿ ಗೋಪಾಲಕೃಷ್ಣ ಭಟ್ಟರನ್ನು (1918–2006) ಜನ ಇಂದಿಗೂ ನೆನೆಯುವುದು ಮುಖ್ಯವಾಗಿ ವಾಲಿ, ರಾವಣ, ಕೌರವನಂತಹ ಪ್ರತಿನಾಯಕ ಪಾತ್ರಗಳಿಗಾಗಿ ಎಂಬುದು ಇಲ್ಲಿ ಗಮನಾರ್ಹ. ಸೋಲುವ ಪಕ್ಷಕ್ಕೂ ತನ್ನದೇ ಆದ ನ್ಯಾಯವಿದೆ ಎಂದು ಸಭೆ ಒಂದು ಗಳಿಗೆ ಒಪ್ಪಿಬಿಡುವಂತೆ ಮಾತಾಡಿದಾಗಲೇ ಎದುರಿನ ರಾಮನಿಗೂ ಕೃಷ್ಣನಿಗೂ ಕೆಲಸ.

ಆಟಗಳ ಅಭಿಮಾನಿಗಳು 2010ರ ‘ಫಾಲ್ಔಟ್: ನ್ಯೂ ವೇಗಸ್’ ಆಟವನ್ನು ತಲೆಯ ಮೇಲೆ ಹೊತ್ತು ಮೆರೆಸುವುದೂ ಇದೇ ಕಾರಣಕ್ಕೆ. ಅಬ್ಸಿಡಿಯನ್ ಸಂಸ್ಥೆ ರೂಪಿಸಿದ ಈ ಆಟದಲ್ಲಿ ಜನರನ್ನು ಗುಲಾಮರನ್ನಾಗಿಸುವ ಕ್ರೂರ ಸೇನೆಯೊಂದಿದೆ. ಅದರ ಒಡೆಯ ಸೀಸರ್ ಎಂಬವನು ಬರೇ ರಾಕ್ಷಸನಂತೆ ಅಬ್ಬರಿಸುವುದಿಲ್ಲ. ಆಡುವವನನ್ನು ಎದುರು ನಿಲ್ಲಿಸಿಕೊಂಡು, ಜರ್ಮನಿಯ ತತ್ತ್ವಜ್ಞಾನಿ ಹೆಗೆಲ್‌ನ ಮಾತು ತೆಗೆದು, ತಾನು ಮಾಡುತ್ತಿರುವುದು ಏಕೆ ಸರಿ ಎಂದು ವಾದಿಸುತ್ತಾನೆ. ಕೇಳಿದವನಿಗೆ ಅಸಹ್ಯವೂ ಆಗುತ್ತದೆ, ಥಟ್ಟನೆ ಉತ್ತರವೂ ಹೊಳೆಯುವುದಿಲ್ಲ. ಒಳ್ಳೆಯ ರಾವಣನ ಲಕ್ಷಣವೇ ಇದು.

ಆಳ ಪೂರ್ತಿ ಬತ್ತಿಹೋಗಿದೆ ಎನ್ನುವಂತೆಯೂ ಇಲ್ಲ. ಎಸ್ಟೋನಿಯಾ ಮೂಲದ ತಂಡವೊಂದು 2019ರಲ್ಲಿ ತಂದ ‘ಡಿಸ್ಕೋ ಎಲಿಸಿಯಂ’ನಲ್ಲಿ ಕಾದಾಟದ ಆಟವೇ ಇಲ್ಲ, ಮಾತೇ ಎಲ್ಲ, ಹತ್ತು ಲಕ್ಷಕ್ಕೂ ಮಿಕ್ಕಿದ ಪದಗಳು. ನಾಯಕನ ತಲೆಯೊಳಗಿನ ಗುಣಗಳೇ ಅವನೊಡನೆ ಜಗಳಕ್ಕೆ ನಿಲ್ಲುತ್ತವೆ. ತಾಳಮದ್ದಳೆಗೆ ಇಷ್ಟು ಹತ್ತಿರದ ಕಂಪ್ಯೂಟರ್ ಆಟ ಸಿಗುವುದು ಕಷ್ಟ. 2023ರಲ್ಲಿ ಬೆಲ್ಜಿಯಂನ ಲ್ಯಾರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಧ್ವನಿಮುದ್ರಣದ ಖರ್ಚನ್ನೂ ಹೊತ್ತು, ಆಯ್ಕೆಗಳನ್ನೂ ಮೊಟಕುಗೊಳಿಸದೆ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಆ ವರ್ಷದ ಶ್ರೇಷ್ಠ ಆಟವೆನಿಸಿತು. ಇವೆಲ್ಲ ಇಂಗ್ಲಿಷಿನವು ಎಂಬುದು ಬೇರೆ ಮಾತು. ಪಕ್ಕದ ಪುಣೆಯಲ್ಲಿ ನಮ್ಮ ಪುರಾಣದ ಸೊಗಡಿನಲ್ಲಿ ತಯಾರಾಗಿ 2020ರಲ್ಲಿ ಬಂದ ‘ರಾಜಿ’ ಕಣ್ಣಿಗೆ ಹಬ್ಬ. ಆದರೆ ಅದರಲ್ಲಿ ಜಿಗಿತ, ಹೊಡೆದಾಟ ಇದೆ, ವಾದವಿಲ್ಲ.

ಬಾಯಿಪಾಠದ ನಾಲ್ಕು ಉತ್ತರ

ಮುಂಬಯಿಯಲ್ಲಿ ಮಕ್ಕಳಿಗೆ ರವಿವಾರದ ಯಕ್ಷಗಾನ ತರಬೇತಿ ನೀಡುವ ಸಂಘ-ಸಂಸ್ಥೆಗಳ ಶ್ರಮ ಸಣ್ಣದಲ್ಲ. ಹೆಜ್ಜೆಗಾರಿಕೆ ಚೆನ್ನಾಗಿ ಬರುತ್ತದೆ, ಬಣ್ಣಗಾರಿಕೆ ಒಪ್ಪುತ್ತದೆ, ಸಭೆಯಿಂದ ಚಪ್ಪಾಳೆಯೂ ಬೀಳುತ್ತದೆ. ಅರ್ಥದ ಭಾಗಕ್ಕೆ ಬಂದಾಗ ಮಾತ್ರ ಕನ್ನಡ ಓದಲು ಬಾರದ ಮಕ್ಕಳಿಗೆ ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದುಕೊಟ್ಟು ಬಾಯಿಪಾಠ ಮಾಡಿಸುವುದು ಅನಿವಾರ್ಯವಾಗುತ್ತದೆ. ಎದುರಿನ ಪಾತ್ರಧಾರಿ ಬರೆದದ್ದಕ್ಕಿಂತ ಒಂದು ಪ್ರಶ್ನೆ ಹೆಚ್ಚು ಕೇಳಿದರೆ ಪುಟ್ಟ ಅಭಿಮನ್ಯು ಬಾಯಿ ಮುಚ್ಚಿ ನಿಲ್ಲುತ್ತಾನೆ. ಪರದೆಯ ಮೇಲಿನ ನಾಲ್ಕು ಉತ್ತರಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಮಕ್ಕಳಿಗೆ ವಾದಿಸಲು ಬಾರದೆಂದಲ್ಲ. ಅದೇ ಹುಡುಗ ರಾತ್ರಿ ಉಲ್ಫ್ರಿಕ್‌ನ ಪರವಾಗಿ ಎರಡು ತಾಸು ಮಾತಾಡಬಲ್ಲ, ಒಪ್ಪಂದದ ಕಲಮುಗಳನ್ನು ಎತ್ತಿ ತೋರಿಸಬಲ್ಲ, ಎದುರಾಳಿಯ ಮಾತನ್ನೇ ತಿರುಗಿಸಿ ಅವನ ಮೇಲೆಸೆಯಬಲ್ಲ. ಪ್ರಸಂಗ ಓದಿ, ಪಾತ್ರದ ಒಳಹೊಕ್ಕು, ಪಕ್ಷ ಹಿಡಿದು ಮಾತಾಡುವ ಶಕ್ತಿ ಅದು. ಅರ್ಥಧಾರಿಗೆ ಬೇಕಾದದ್ದೂ ಅದೇ. ಆ ಶಕ್ತಿ ಹಿಂದಿ ಇಂಗ್ಲಿಷುಗಳ ಬೆರಕೆಯಲ್ಲಿದೆ, ಕನ್ನಡದಲ್ಲಿಲ್ಲ.

ಪತ್ತನಾಜೆ ಕಳೆದು ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುವ ವಾಡಿಕೆ ಉಳಿದುಕೊಂಡಿದೆ. ಹಿರಿಯರೊಡನೆ ಬಂದು ಹಿಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ಕೂರುವ ಹುಡುಗರಿಗೆ ಪಕ್ಕದವರು ಬಗ್ಗಿ ಪ್ರಸಂಗದ ಕಥೆ ಹೇಳುವುದುಂಟು. ಕರ್ಣನ ಜಾಗದಲ್ಲಿ ನೀನಿದ್ದರೆ ಯಾವ ಪಕ್ಷ ಸೇರುತ್ತಿದ್ದಿ ಮಗಾ ಎಂದು ಕೇಳುವವರು ಕಡಿಮೆ.