ಶಿಕಾರಿ ಚೀಲ ಮತ್ತೆ ಹೆಗಲೇರಲಿ

ನಮ್ಮ ಮನೆಯ ಜಗಲಿಯ ಗೂಟದಲ್ಲಿ ಒಂದು ಹಳೆಯ ಖಾಕಿ ಚೀಲ ತೂಗಾಡುತ್ತಿದೆ. ಅಜ್ಜನ ಕಾಲದ ಶಿಕಾರಿ ಚೀಲ ಅದು. ಬೇಟೆಗೆ ಹೊರಡುವ ಹಿಂದಿನ ರಾತ್ರಿ ಅಜ್ಜ ಲಾಟೀನಿನ ಬೆಳಕಿನಲ್ಲಿ ಅದರೊಳಗಿನ ಸಾಮಾನನ್ನೆಲ್ಲ ಚಾಪೆಯ ಮೇಲೆ ಸುರಿದು, ಒಂದೊಂದನ್ನೂ ನೋಡಿ ಮತ್ತೆ ತುಂಬುತ್ತಿದ್ದರೆಂದು ದೊಡ್ಡಪ್ಪ ಹೇಳುತ್ತಿದ್ದರು. ಮೇಣ ಸವರಿದ ಬೆಂಕಿಕಡ್ಡಿ, ಧೂಪದ ಮರದ ಅಂಟು, ಹಗ್ಗ, ಚೂರಿ, ಅವಲಕ್ಕಿ ಬೆಲ್ಲದ ಗಂಟು, ಗಾಯಕ್ಕೆ ಕಟ್ಟಲು ಒಗೆದಿಟ್ಟ ಪಂಚೆಯ ತುಂಡು. "ಕೋವಿ ಮರೆತರೆ ಹಂದಿ ತಪ್ಪುತ್ತದೆ, ಚೀಲ ಮರೆತರೆ ಮನೆ ತಪ್ಪುತ್ತದೆ" ಎಂಬುದು ಅಜ್ಜನ ಮಾತಾಗಿತ್ತಂತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆ ನಿಂತಿತು, ನಿಲ್ಲಬೇಕಾದ್ದೇ. ಬೆಳೆ ರಕ್ಷಣೆಗೆಂದು ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಬೇಟೆಗೆ ಅಪ್ಪಣೆ ಸಿಕ್ಕಂತಲ್ಲ ಎಂಬುದನ್ನು ಸದಸ್ಯ ಬಾಂಧವರಿಗೆ ಮತ್ತೆ ಹೇಳಬೇಕಾಗಿಲ್ಲ. ಆದರೆ ಬೇಟೆಯ ಜೊತೆಗೆ ಚೀಲವೂ ಬರಿದಾದದ್ದು ಮಾತ್ರ ನಮ್ಮ ತಪ್ಪು. ಏಕೆಂದರೆ ನಾವು ಗುಡ್ಡ ಹತ್ತುವುದು ನಿಂತಿಲ್ಲ. ಅಬ್ಬಿಯಿಂದ ಬರುವ ನೀರಿನ ಪೈಪು ಕಟ್ಟಿಕೊಂಡರೆ ಹತ್ತುತ್ತೇವೆ, ದನ ಮನೆಗೆ ಬಾರದಿದ್ದರೆ ಹತ್ತುತ್ತೇವೆ, ಬೇಲಿಯ ಮೇಲೆ ಮರ ಬಿದ್ದರೆ ಹತ್ತುತ್ತೇವೆ. ಅಜ್ಜ ಕಾಡನ್ನು ಕಾಡೆಂದು ತಿಳಿದು ತಯಾರಾಗಿ ಹೋಗುತ್ತಿದ್ದರು. ನಾವು ಅದನ್ನು ಹಿತ್ತಿಲೆಂದು ತಿಳಿದು ಬರಿಗೈಯಲ್ಲಿ ಹೋಗುತ್ತೇವೆ.

ಇದನ್ನು ಬೇರೆಯವರ ಮೇಲೆ ಹೊರಿಸಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಮಧ್ಯಾಹ್ನ, ನೀರು ಬರುತ್ತಿಲ್ಲವೆಂದು ನಾವೂ ನಮ್ಮ ತೋಟದಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಹಿರಿಯರೊಬ್ಬರೂ ಹೊರಟೆವು. "ಎಲ್ಲಿಗೆ ಹೊರಟಿರಿ?" ಎಂದು ಮನೆಯವರು ಕೇಳಿದರು. "ಇಲ್ಲೇ ಮೇಲೆ" ಎಂದೆವು. ಕೈಯಲ್ಲಿದ್ದುದು ಒಂದು ಕತ್ತಿ, ಜೇಬಿನಲ್ಲಿ ಒಂದು ಬೆಂಕಿಪೊಟ್ಟಣ ಮತ್ತು ಮೊಬೈಲು.

ಪೈಪಿನ ಬಾಯಿಯ ಹತ್ತಿರ ಪಾಚಿ ಕಟ್ಟಿದ ಬಂಡೆಯ ಮೇಲೆ ಅವರು ಜಾರಿದರು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಐದೂವರೆಗೇ ಮರಗಳ ಕೆಳಗೆ ಕತ್ತಲು. ಮೊಬೈಲಿಗೆ ಸಿಗ್ನಲ್ ಇಲ್ಲ. ಬೆಂಕಿಪೊಟ್ಟಣ ಜೇಬಿನಲ್ಲಿ ನೆನೆದು ಮುದ್ದೆಯಾಗಿತ್ತು. "ಅಯ್ಯಾ, ನೀವು ಇಳೀರಿ, ನಾನು ಇಲ್ಲೇ ಇರ್ತೀನಿ" ಎಂದರು ಅವರು. ದೀಪವಿಲ್ಲದೆ ಇಳಿದರೆ ಇಬ್ಬರೂ ಹೋದಂತೆಯೇ ಎಂದು ನಾವು ಕೂತೆವು. ಮಳೆ ಸುರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆಲ್ಲ ಅವರು ನಡುಗಲಾರಂಭಿಸಿದರು. ಆಮೇಲೆ ಮಾತು ತೊದಲಿತು.

ಮನೆಯವರು ಜನ ಕೂಡಿಸಿಕೊಂಡು ಹುಡುಕಲು ಹೊರಟದ್ದು ಏಳು ಗಂಟೆಗೇ. ಆದರೆ ನಮ್ಮಲ್ಲಿ ನೀರಿನ ಬಾಯಿ ಎರಡಿವೆ. "ಇಲ್ಲೇ ಮೇಲೆ" ಎಂದರೆ ಯಾವ ಮೇಲೆ? ಅವರು ಮೊದಲು ಆಚೆಯ ಕಣಿವೆಗೆ ಹೋದರು. ನಮ್ಮ ಕೂಗು ಹಳ್ಳದ ಸದ್ದಿನಲ್ಲಿ ಮುಳುಗಿತ್ತು. ನಮ್ಮನ್ನು ಮುಟ್ಟುವಾಗ ರಾತ್ರಿ ಹತ್ತೂವರೆ. ಅವರ ಜೀವ ಉಳಿಯಿತು. ಆದರೆ ಇಂದಿಗೂ ಕುಂಟುತ್ತಾರೆ. ಅವರು ಅಂಗಳ ದಾಟುವುದನ್ನು ನೋಡಿದಾಗಲೆಲ್ಲ, ಆ ದಿನ ಗೂಟದಲ್ಲಿ ಬರಿದಾಗಿ ತೂಗುತ್ತಿದ್ದ ಚೀಲ ನೆನಪಾಗುತ್ತದೆ.

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಮರುದಿನವೇ ಚೀಲ ತುಂಬಿಸಿದೆವು. ಅದರಲ್ಲಿ ಈಗ ಏನೇನಿದೆ ಎಂಬುದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇವೆ. ಎಲ್ಲ ಸೇರಿ ಎರಡು ಕಿಲೋ ಮೀರುವುದಿಲ್ಲ. ಭಾರವಾದರೆ ಮನೆಯಲ್ಲೇ ಉಳಿದುಬಿಡುತ್ತದೆ.

ಬೆಳಕು ಮತ್ತು ಬೆಂಕಿ: ಒಂದು ಸಣ್ಣ ಟಾರ್ಚು. ಅದರ ಒಂದು ಸೆಲ್ಲನ್ನು ತಿರುಗಿಸಿ ಹಾಕಿಟ್ಟರೆ ಚೀಲದೊಳಗೆ ಗುಂಡಿ ಒತ್ತಿಕೊಂಡು ಉರಿದುಹೋಗುವ ಭಯವಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಡ್ಡಿ ಮತ್ತು ಗೀರುವ ಪಟ್ಟಿ, ಒಂದು ಲೈಟರು, ಒಂದು ತುಂಡು ಮೇಣದಬತ್ತಿ, ಹಳೆಯ ಸೈಕಲ್ ಟ್ಯೂಬಿನ ನಾಲ್ಕು ಪಟ್ಟಿ. ರಬ್ಬರು ನೆನೆದಿದ್ದರೂ ಹತ್ತುತ್ತದೆ. ಬೇಸಿಗೆಯಲ್ಲಿ ಮಾತ್ರ ಕಾಡಿನಲ್ಲಿ ಕಡ್ಡಿ ಗೀರುವ ಯೋಚನೆಯೇ ಬೇಡ.

ಸೂರು: ಎರಡು ಮೀಟರ್ ಚೌಕದ ಟಾರ್ಪಾಲಿನ್ ತುಂಡು, ಹತ್ತು ಮೀಟರ್ ನೈಲಾನ್ ಹಗ್ಗ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಂದು ಒಣ ಬೈರಾಸು. ನೆನೆದು ನಡುಗುವವನ ಒದ್ದೆ ಬಟ್ಟೆ ತೆಗೆದು, ಒಣಗಿದ್ದನ್ನು ಹೊದಿಸಿ, ನೆಲದ ತಂಪು ತಾಗದಂತೆ ಕೆಳಗೆ ಸೊಪ್ಪು ಹಾಸಬೇಕು.

ಕರೆ: ಒಂದು ಸೀಟಿ. ಕೂಗಿದರೆ ಅರ್ಧ ಗಂಟೆಯಲ್ಲಿ ಗಂಟಲು ಕಟ್ಟುತ್ತದೆ. ಸೀಟಿ ರಾತ್ರಿಯಿಡೀ ಊದಬಹುದು. ಮೂರು ಸಲ ಊದಿ, ಬಿಟ್ಟು, ಮತ್ತೆ ಮೂರು ಸಲ. ಅಪಾಯದ ಕರೆಯೆಂದರೆ ಇದೇ ಎಂದು ಮನೆಮಂದಿಗೂ ಹೇಳಿರಬೇಕು. ಸಿಗ್ನಲ್ ಇಲ್ಲದಲ್ಲಿ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿಟ್ಟರೆ ಬ್ಯಾಟರಿ ಉಳಿಯುತ್ತದೆ. ದಿಬ್ಬ ಹತ್ತಿ 112 ಅಥವಾ 108ಕ್ಕೆ ಕರೆ ಮಾಡಬಹುದು. ಕರೆ ಹೋಗದಲ್ಲಿಯೂ ಕೆಲವೊಮ್ಮೆ ಮನೆಗೆ ಮೆಸೇಜು ಹೋಗುತ್ತದೆ.

ಹೊಟ್ಟೆಗೆ: ಅವಲಕ್ಕಿ, ಬೆಲ್ಲ, ಒಂದು ಬಾಟಲಿ ನೀರು, ಎರಡು ಪೊಟ್ಟಣ ಓಆರ್‌ಎಸ್.

ಗಾಯಕ್ಕೆ: ನಾಲ್ಕು ಅಂಗುಲದ ಕ್ರೇಪ್ ಬ್ಯಾಂಡೇಜು ಎರಡು, ಶುದ್ಧ ಗಾಜ್ ಬಟ್ಟೆ, ಪೊವಿಡೋನ್ ಅಯೋಡಿನ್, ಒಂದು ತುಂಡು ಸೋಪು, ಪ್ಯಾರಾಸಿಟಮಾಲ್ ಮಾತ್ರೆ. ಬಿ.ಪಿ., ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆಯ ಒಂದು ದಿನದ ಪಾಲನ್ನೂ ಇಡಬೇಕು. ಮೂಳೆ ಮುರಿದರೆ ದಬ್ಬೆ ಕಟ್ಟಲು ನಮ್ಮಲ್ಲಿ ಬೇರೇನೂ ಬೇಡ, ಅಡಿಕೆ ಹಾಳೆಯೇ ಸಾಕು. ಒಂದೂವರೆ ಅಡಿಯ ಎರಡು ತುಂಡು ಚೀಲದ ಬೆನ್ನಿಗೆ ಸಿಕ್ಕಿಸಿಟ್ಟರೆ ಭಾರವಿಲ್ಲ. ಒಳಗೆ ಬಟ್ಟೆ ಸುತ್ತಿ, ಮುರಿದ ಜಾಗದ ಮೇಲೂ ಕೆಳಗೂ ಕಟ್ಟಬೇಕು.

ಅಜ್ಜನ ಚೀಲದಲ್ಲಿದ್ದ ಎರಡು ವಸ್ತುಗಳನ್ನು ಮಾತ್ರ ನಾವು ಹೊರಗೆ ತೆಗೆದಿದ್ದೇವೆ. ಒಂದು, ಬ್ರಾಂದಿ ಸೀಸೆ. ಅದು ಮೈ ಬಿಸಿಯಾದಂತೆ ತೋರಿಸುತ್ತದೆ, ನಿಜವಾಗಿ ಒಳಗಿನ ಶಾಖವನ್ನು ಹೊರಗೆ ಕಳೆಯುತ್ತದೆ. ಇನ್ನೊಂದು, ಹಾವು ಕಚ್ಚಿದರೆ ಕೊಯ್ದು ತುಂಬಲೆಂದು ಇಟ್ಟಿದ್ದ ಬ್ಲೇಡು ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು. ಆ ಕಾಲದ ಪುಸ್ತಕಗಳೇ ಹಾಗೆ ಹೇಳುತ್ತಿದ್ದವು. ಇಂದಿನ ವೈದ್ಯಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಕೊಯ್ಯಬಾರದು, ಚೀಪಬಾರದು, ಹಗ್ಗ ಬಿಗಿದು ಕಟ್ಟಬಾರದು. ಉಂಗುರ, ವಾಚು, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ ಹೊತ್ತುಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ಕಚ್ಚಿದ ಹೊತ್ತನ್ನು ಚೀಟಿಯಲ್ಲಿ ಬರೆದಿಡಬೇಕು. ಅದಕ್ಕೆಂದೇ ಒಂದು ಪೆನ್ಸಿಲು ಚೀಲದಲ್ಲಿರಲಿ. ಆಸ್ಪತ್ರೆಯ ವಿಷನಿವಾರಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆಂದು ಮಾಡಿದ್ದು. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಅದು ನಾಟದಿದ್ದರೂ ಉಳಿದ ಚಿಕಿತ್ಸೆಗೆ ಆಸ್ಪತ್ರೆಯೇ ಗತಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ.

ಡಿಸೆಂಬರಿನಿಂದ ಮೇ ತನಕ ಉಣುಗಿನ ಕಾಟವೂ ಉಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಕೊನೆಯದಾಗಿ, ಚೀಲಕ್ಕಿಂತ ದೊಡ್ಡ ಸಾಮಾನು ಇನ್ನೊಂದಿದೆ. ಅದಕ್ಕೆ ಕಾಸಿನ ಖರ್ಚಿಲ್ಲ. ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂಬ ನಾಲ್ಕು ಮಾತನ್ನು ಮನೆಯಲ್ಲಿ ಹೇಳಿ ಹೊರಡುವುದು. ಆ ದಿನ "ಪಡುವಣ ಅಬ್ಬಿಗೆ, ಐದಕ್ಕೆ ಬರುತ್ತೇವೆ" ಎಂದಿದ್ದರೆ ಕನಿಷ್ಠ ಎರಡು ಗಂಟೆ ಮೊದಲೇ ಅವರು ನಮ್ಮನ್ನು ಮುಟ್ಟುತ್ತಿದ್ದರು.

ತೋಟದ ಯಜಮಾನರಿಗೊಂದು ಚೀಲವಾದರೆ ಸಾಲದು. ಗುಡ್ಡಕ್ಕೆ ನಾವು ಕಳಿಸುವ ಆಳುಗಳಿಗೂ ಒಂದು ಇರಬೇಕು; ನಮಗಿಂತ ಹೆಚ್ಚು ಸಲ ಹತ್ತುವವರು ಅವರೇ. ಮುಂಗಾರು ಹಿಡಿಯುವ ಮುನ್ನ ಸದಸ್ಯರೆಲ್ಲ ಒಂದು ಸಂಜೆ ಬಿಡುವು ಮಾಡಿಕೊಂಡು ಈ ಸಾಮಾನನ್ನು ಚಾಪೆಯ ಮೇಲೆ ಹರಡಿ ನೋಡಲಿ ಎಂದು ಕೋರುತ್ತೇವೆ. ಬೇಕೆನ್ನುವವರು ಹತ್ತಿಪ್ಪತ್ತು ಮಂದಿಯಾದರೆ ಒಟ್ಟಿಗೆ ಖರೀದಿಸುವ ವಿಚಾರವನ್ನು ಮಹಾಸಭೆಯಲ್ಲಿ ಇಡಬಹುದು.

ನಮ್ಮ ಮನೆಯ ಚೀಲದ ಉಸ್ತುವಾರಿ ಈಗ ಆ ಹಿರಿಯರದೇ. ತಿಂಗಳಿಗೊಮ್ಮೆ ಜಗಲಿಯಲ್ಲಿ ಕೂತು ಕಡ್ಡಿ ಗೀರಿ ನೋಡುತ್ತಾರೆ, ಸೆಲ್ಲು ಬದಲಿಸುತ್ತಾರೆ. ನಾವು ಮರೆತು ಅಂಗಳಕ್ಕಿಳಿದರೆ ಹಿಂದಿನಿಂದ ಕರೆಯುತ್ತಾರೆ: "ಅಯ್ಯಾ, ಚೀಲ."