ಕ್ಷಾರ ದ್ರಾವಣಗಳಿಂದಾಗುವ ಚರ್ಮಹಾನಿಯ ಮಾಪನ

ಕ್ಷಾರ ದ್ರಾವಣಗಳಿಂದಾಗುವ ಚರ್ಮಹಾನಿಯ ಮಾಪನ ಎಂಬುದು ಸಾಬೂನು, ಸುಣ್ಣ, ಹಸಿ ಸಿಮೆಂಟು, ಕಾಸ್ಟಿಕ್ ಸೋಡಾ ಮೊದಲಾದ ಕ್ಷಾರೀಯ ವಸ್ತುಗಳು ಮಾನವ ಚರ್ಮವನ್ನು ಎಷ್ಟರಮಟ್ಟಿಗೆ ಕೆಡಿಸುತ್ತವೆ ಎಂಬುದನ್ನು ನಿರ್ಧರಿಸುವ ಪರೀಕ್ಷಾ ವಿಧಾನಗಳ ಸಮೂಹ. ದ್ರಾವಣದ ಪಿಎಚ್ ಇದರ ಮೊದಲ ಸೂಚಕ; ಆದರೆ ಅದೊಂದರಿಂದಲೇ ಹಾನಿಯ ಪ್ರಮಾಣ ತಿಳಿಯದು.

ಹಾನಿಯ ಸ್ವರೂಪ

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿದ್ದು, ಅದರ ಪಿಎಚ್ ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ಸಾಬೂನಿನ ದ್ರಾವಣದ ಪಿಎಚ್ 9ರಿಂದ 10. ಸುಣ್ಣದ ತಿಳಿನೀರಿನದು 12ಕ್ಕಿಂತ ಹೆಚ್ಚು. ಪಿಎಚ್ ಒಂದು ಅಂಕ ಏರಿದರೆ ಹೈಡ್ರಾಕ್ಸೈಡ್ ಅಯಾನುಗಳ ಸಾಂದ್ರತೆ 10 ಪಟ್ಟು ಹೆಚ್ಚುತ್ತದೆ.

ಪ್ರಬಲ ಕ್ಷಾರವು ಚರ್ಮದ ಕೊಬ್ಬನ್ನು ಸಾಬೂನಾಗಿಸಿ, ಪ್ರೋಟೀನುಗಳನ್ನು ಕರಗಿಸುತ್ತದೆ. ಆಮ್ಲದ ಸುಟ್ಟಗಾಯದಲ್ಲಿ ಪ್ರೋಟೀನು ಹೆಪ್ಪುಗಟ್ಟಿ ಆಮ್ಲ ಒಳಗಿಳಿಯುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಕ್ಷಾರದಲ್ಲಾದರೋ ಅಂಗಾಂಶ ಮೆತ್ತಗಾಗಿ, ಗಾಯ ಆಳಕ್ಕೆ ಹರಡುತ್ತದೆ. ನೋವು ತಡವಾಗಿ ತೋರಬಹುದಾದುದರಿಂದ ನೋವನ್ನು ಅಳತೆಗೋಲಾಗಿ ನಂಬಲಾಗದು.

ಮಾಪನ ವಿಧಾನಗಳು

ಕ್ಷಾರ ಸಂಗ್ರಹ: ಒಂದೇ ಪಿಎಚ್ ಇರುವ ಎರಡು ದ್ರಾವಣಗಳಲ್ಲಿ ತಟಸ್ಥಗೊಳ್ಳದೆ ಉಳಿಯುವ ಶಕ್ತಿ ಬೇರೆ ಬೇರೆಯಾಗಿರಬಹುದು. ಪಿಎಚ್ ಅನ್ನು ನಿಗದಿತ ಮಟ್ಟಕ್ಕೆ ಇಳಿಸಲು ಬೇಕಾಗುವ ಆಮ್ಲದ ಪ್ರಮಾಣದಿಂದ ಇದನ್ನು ಅಳೆಯುತ್ತಾರೆ. ಪಿಎಚ್ 11.5 ಅಥವಾ ಹೆಚ್ಚಿರುವ ದ್ರಾವಣವನ್ನು ಚರ್ಮನಾಶಕವೆಂದು ಶಂಕಿಸುವಾಗ ಈ ಸಂಗ್ರಹವನ್ನೂ ಪರಿಗಣಿಸಲಾಗುತ್ತದೆ.

ನೀರಿನ ನಷ್ಟ: ಚರ್ಮದ ಹೊರಪದರ ಕೆಟ್ಟರೆ ಒಳಗಿನ ನೀರು ಬೇಗ ಆವಿಯಾಗುತ್ತದೆ. ಒಂದು ಗಂಟೆಯಲ್ಲಿ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ನೀರು ಹೊರಹೋಗುತ್ತದೆ ಎಂದು ಇದನ್ನು ದಾಖಲಿಸುತ್ತಾರೆ. ಸಾಬೂನಿನಂತಹ ಸೌಮ್ಯ ವಸ್ತುಗಳ ಪರಿಣಾಮ ತಿಳಿಯಲು ಇದು ಸೂಕ್ತ.

ಕೃತಕ ಚರ್ಮ: 1944ರಲ್ಲಿ ಪ್ರಕಟವಾದ ಡ್ರೈಜ್ ವಿಧಾನದಲ್ಲಿ ಮೊಲಗಳನ್ನು ಬಳಸಲಾಗುತ್ತಿತ್ತು. ಈಗ ಮಾನವ ಜೀವಕೋಶಗಳಿಂದ ಬೆಳೆಸಿದ ಹೊರಚರ್ಮದ ಮೇಲೆ ದ್ರಾವಣವನ್ನು ಹಾಕಿ, ಬದುಕುಳಿದ ಕೋಶಗಳನ್ನು ಎಂಟಿಟಿ ಎಂಬ ಬಣ್ಣದ ನೆರವಿನಿಂದ ಅಳೆಯುತ್ತಾರೆ. ಒಇಸಿಡಿಯ 431ನೆಯ ಮಾರ್ಗಸೂಚಿಯ ಪ್ರಕಾರ, 3 ನಿಮಿಷದ ಸಂಪರ್ಕದ ಬಳಿಕ ಕೋಶಗಳ ಜೀವಂತಿಕೆ ಶೇ. 50ಕ್ಕಿಂತ ಅಥವಾ 60 ನಿಮಿಷಗಳ ಬಳಿಕ ಶೇ. 15ಕ್ಕಿಂತ ಕಡಿಮೆಯಾದರೆ ಆ ವಸ್ತು ಚರ್ಮನಾಶಕ.

ಮಹತ್ವ

ಈ ಪರೀಕ್ಷೆಗಳಲ್ಲಿ ಕೆಲವು ಸಂಪರ್ಕದ ಅವಧಿಗೆ ಪ್ರಾಮುಖ್ಯ ಕೊಡುತ್ತವೆ. ಹಸಿ ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಗಂಟೆಗಟ್ಟಲೆ ದುಡಿಯುವ ಕಟ್ಟಡ ಕಾರ್ಮಿಕರಿಗೆ ಆಳವಾದ ಸುಟ್ಟಗಾಯಗಳಾಗುವುದು ಇದರಿಂದಲೇ. ಕ್ಷಾರ ತಗುಲಿದಾಗ ಬಟ್ಟೆಯನ್ನು ತೆಗೆದು, ಒಣ ಪುಡಿಯಿದ್ದರೆ ಮೊದಲು ಕೊಡವಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರನ್ನು ಕಾಣಬೇಕು. ನಿಂಬೆರಸ ಅಥವಾ ವಿನೆಗರ್ ಸುರಿಯಬಾರದು. ತಟಸ್ಥೀಕರಣದಿಂದ ಹುಟ್ಟುವ ಶಾಖ ಗಾಯವನ್ನು ಹೆಚ್ಚಿಸಬಹುದು.