ಲಕ್ಷದ ವಾಚು, ಸೆಕೆಂಡಿನ ಲೆಕ್ಕ

ಸಾವಿರ ರೂಪಾಯಿಯ ಕ್ವಾರ್ಟ್ಜ್ ವಾಚು ತಿಂಗಳಿಗೆ ಸುಮಾರು ೧೫ ಸೆಕೆಂಡು ತಪ್ಪೀತು. ಲಕ್ಷಾಂತರ ರೂಪಾಯಿ ಬೆಲೆಯ ಸ್ವಿಸ್ ಯಾಂತ್ರಿಕ ವಾಚು ಮೂರೇ ದಿನದಲ್ಲಿ ಅಷ್ಟು ತಪ್ಪಬಹುದು! ಆದರೂ ಜನ ಅದಕ್ಕೆ ಮನಸೋಲುವುದೇಕೆ?

ಗುಟ್ಟು ಅದರ ಹೊಟ್ಟೆಯೊಳಗಿದೆ. ಅಲ್ಲಿ ಬ್ಯಾಟರಿಯಿಲ್ಲ. ಕೀ ಕೊಟ್ಟಾಗ ಬಿಗಿಯಾಗುವ ಸ್ಪ್ರಿಂಗು ಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. 'ಆಟೋಮ್ಯಾಟಿಕ್' ಆದರೆ ಕೈಯ ಚಲನೆಯೇ ಕೀ ಕೊಡುತ್ತದೆ. ಅತ್ತಿತ್ತ ಹೊರಳುವ ಬ್ಯಾಲೆನ್ಸ್ ಚಕ್ರ ಈ ಶಕ್ತಿಯನ್ನು ಅಳೆದು ಬಿಡುತ್ತದೆ: ಅನೇಕ ವಾಚುಗಳಲ್ಲಿ ಗಂಟೆಗೆ ೨೮,೮೦೦, ಅಂದರೆ ಸೆಕೆಂಡಿಗೆ ಎಂಟು ಬಡಿತ. ಕ್ವಾರ್ಟ್ಜ್ ಹರಳಿನದು ಸೆಕೆಂಡಿಗೆ ೩೨,೭೬೮ ಕಂಪನ. ೧೯೬೯ರಲ್ಲಿ ಜಪಾನಿನ ಸೈಕೋ ಕ್ವಾರ್ಟ್ಜ್ ಕೈಗಡಿಯಾರ ತಂದಾಗಲೇ ನಿಖರತೆಯ ಪೈಪೋಟಿ ಮುಗಿದಿತ್ತು.

ಮೊದಲ ಬಾರಿ ಕೊಳ್ಳುವವರು ಇಷ್ಟು ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆಯ 'ಕ್ರೋನೋಮೀಟರ್' ಪ್ರಮಾಣಪತ್ರವಿದ್ದರೆ, ಪರೀಕ್ಷೆಯಲ್ಲಿ ಯಂತ್ರದ ದಿನದ ಸರಾಸರಿ ತಪ್ಪು ೪ ಸೆಕೆಂಡು ಹಿಂದೆ, ೬ ಸೆಕೆಂಡು ಮುಂದೆ ಎಂಬ ಮಿತಿಯೊಳಗಿತ್ತು ಎಂದರ್ಥ. ಆಯಸ್ಕಾಂತವಿರುವ ಸ್ಪೀಕರಿನ ಮೇಲೆ ವಾಚು ಇಡಬಾರದು. ಒಳಗಿನ ಎಣ್ಣೆ ಕ್ರಮೇಣ ಕೆಡುವುದರಿಂದ ಕೆಲವು ವರ್ಷಗಳಿಗೊಮ್ಮೆ ಪೂರ್ತಿ ಬಿಚ್ಚಿ ಶುಚಿಮಾಡಿಸಬೇಕು. ಆ ಖರ್ಚಿನಲ್ಲೇ ಹಲವು ಕ್ವಾರ್ಟ್ಜ್ ವಾಚು ಬಂದಾವು.

ಸಮಯ ತಿಳಿಯಲೆಂದೇ ಆದರೆ ಈ ಹಣ ದಂಡ. ಪುಟ್ಟ ಯಂತ್ರದ ಚೆಲುವಿಗೆಂದಾದರೆ, ದುರಸ್ತಿಯ ಖರ್ಚನ್ನೂ ಕೂಡಿಸಿ ನೋಡಿಯೇ ಅಂಗಡಿಯ ಮೆಟ್ಟಿಲು ಹತ್ತುವುದು ಜಾಣತನ.